ಊರಿನ ಟೀಮು ಕೈಬಿಡಲಾರದ ಆಲ್‌ರೌಂಡರ್ ಆಗುವುದು ಹೇಗೆ: ಕರಾವಳಿಯ ಆಟಗಾರರಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ಪ್ರತಿ ಟೀಮಿನಲ್ಲೂ ಆಲ್‌ರೌಂಡರ್ ಅಂತ ಹೇಳಿಕೊಳ್ಳುವವರು ನಾಲ್ಕೈದು ಜನ ಇರುತ್ತಾರೆ. ಬ್ಯಾಟಿಂಗ್ ಬರುತ್ತದಾ ಅಂತ ಕೇಳಿ, ಬರುತ್ತದೆ. ಬೌಲಿಂಗ್? ಅದೂ ಹಾಕುತ್ತೇನೆ. ಆದರೆ ಸೆಮಿಫೈನಲ್‌ನ ಕೊನೆಯ ಓವರಿಗೆ ಕ್ಯಾಪ್ಟನ್ ಬಾಲ್ ಹಿಡಿದು ಸುತ್ತ ನೋಡುವಾಗ ಅವರಲ್ಲಿ ಮೂವರು ಬಗ್ಗಿ ಶೂ ಲೇಸ್ ಕಟ್ಟುತ್ತಿರುತ್ತಾರೆ. ಕಟ್ಟದೆ ನಿಂತವನು ಯಾರು, ಅವನ ಹಾಗೆ ಆಗಬೇಕಾದರೆ ಏನು ಮಾಡಬೇಕು, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಇದು ಕೋಚಿನ ಪಾಠ ಅಲ್ಲ. ಉಡುಪಿ ಕಡೆಯ ಒಂದು ಊರಿನ ಟೀಮಿಗೆ ಹನ್ನೊಂದು ಹೆಸರು ಬರೆಯುವ ಕೆಲಸ ಕೆಲವು ವರ್ಷ ನನ್ನ ತಲೆಗೆ ಬಿದ್ದಿತ್ತು. ಶನಿವಾರ ರಾತ್ರಿ ವಾಟ್ಸಾಪಿನಲ್ಲಿ ಒಬ್ಬೊಬ್ಬರೇ "ನಾಳೆ ಬರ್ಲಿಕ್ಕೆ ಆಗುದಿಲ್ಲ ಮಾರಾಯ" ಅಂತ ಹಾಕುವಾಗ ಪೆನ್ನು ಯಾರ ಹೆಸರಿನ ಕಡೆ ಹೋಗುತ್ತದೆ, ಯಾಕೆ ಹೋಗುತ್ತದೆ ಅಂತ ಚೆನ್ನಾಗಿ ಗೊತ್ತಾಯಿತು. ಕ್ಯಾಪ್ಟನ್‌ಗೆ ಬೇಕಾದದ್ದು ಎಲ್ಲವನ್ನೂ ಮಾಡುವ ಹೀರೋ ಅಲ್ಲ. ಅವನ ಲೆಕ್ಕ ಸುಲಭ ಮಾಡಿಕೊಡುವವನು.

ಮೊದಲು ಆ ಲೆಕ್ಕ ನೋಡಿ

20 ಓವರಿನ ಮ್ಯಾಚಿನಲ್ಲಿ ಒಬ್ಬ ಬೌಲರಿಗೆ ಹೆಚ್ಚೆಂದರೆ 4 ಓವರ್. ಅಂದರೆ 5 ಬೌಲರ್ ಬೇಕೇ ಬೇಕು. ಐವರೂ ಬರೀ ಬೌಲರ್‌ಗಳಾದರೆ ಕೀಪರ್ ಸೇರಿ 6 ಬ್ಯಾಟ್ಸ್‌ಮನ್ ಮಾತ್ರ ಉಳಿಯುತ್ತಾರೆ, ಮತ್ತೆ ಐವರಲ್ಲಿ ಒಬ್ಬನಿಗೆ ಪೆಟ್ಟು ಬಿದ್ದ ದಿನ ಆರನೆಯವನು ಅಂತ ಯಾರೂ ಇಲ್ಲ. ಅದೇ ಟೀಮಿಗೆ ಇಬ್ಬರು ಆಲ್‌ರೌಂಡರ್ ಹಾಕಿ. 4 ಬ್ಯಾಟ್ಸ್‌ಮನ್, 1 ಕೀಪರ್, 2 ಆಲ್‌ರೌಂಡರ್, 4 ಬೌಲರ್. ಈಗ ಬ್ಯಾಟಿಂಗ್ 7ರವರೆಗೆ ಇದೆ, ಬೌಲಿಂಗಿಗೆ 6 ಜನ ಇದ್ದಾರೆ. ಹನ್ನೊಂದು ಜನರಲ್ಲಿ ಹದಿಮೂರು ಜನರ ಕೆಲಸ ಆಯಿತು, ಅಲ್ವಾ?

ನಮ್ಮ ಟೆನಿಸ್ ಬಾಲ್ ಟೂರ್ನಮೆಂಟುಗಳಲ್ಲಿ ಓವರ್ ಕಡಿಮೆ. 6 ಓವರಿನ ಆಟ ಅಂದುಕೊಳ್ಳಿ. ಅಲ್ಲಿ ಒಂದು ಓವರ್ ಅಂದರೆ ಇನಿಂಗ್ಸಿನ ಆರನೇ ಒಂದು ಪಾಲು. ಒಬ್ಬ ಬಂದು 24 ರನ್ ಕೊಟ್ಟು ಹೋದರೆ ಉಳಿದವರು ಎಷ್ಟು ಒದ್ದಾಡಿದರೂ ಅದನ್ನು ಸರಿದೂಗಿಸುವುದು ಕಷ್ಟ. ಹಾಗಾಗಿ ಅಲ್ಲಿ "ನಾನೂ ಒಂದು ಓವರ್ ಹಾಕುತ್ತೇನೆ" ಅನ್ನುವವನಿಗೆ ಬೆಲೆ ಇಲ್ಲ. "ನನ್ನ ಓವರಿನಲ್ಲಿ 10ರ ಮೇಲೆ ಹೋಗುವುದು ಅಪರೂಪ" ಅನ್ನುವವನಿಗೆ ಬೆಲೆ.

ಈಗ ಒಂದು ಪೇಪರ್ ತೆಗೆದುಕೊಂಡು ನಿಮ್ಮ ಟೀಮಿನ ಹನ್ನೊಂದು ಹೆಸರು ಬರೆಯಿರಿ. ಮೊದಲ ಓವರ್ ಯಾರದು, ಕೊನೆಯ ಓವರ್ ಯಾರದು, ಎರಡು ವಿಕೆಟ್ ಬೇಗ ಬಿದ್ದರೆ ಯಾರು ಹೋಗುತ್ತಾರೆ, ಕೀಪರ್ ಬಾರದ ದಿನ ಗ್ಲೌಸ್ ಯಾರಿಗೆ, ಅಂತ ಹೆಸರಿನ ಮುಂದೆ ಹಾಕುತ್ತಾ ಹೋಗಿ. ಎಲ್ಲೋ ಒಂದು ಕಡೆ ಖಾಲಿ ಉಳಿಯುತ್ತದೆ. ಎಲ್ಲ ಟೀಮಿನಲ್ಲೂ ಉಳಿಯುತ್ತದೆ. ಆ ಖಾಲಿ ಜಾಗ ನಿಮ್ಮ ಎರಡನೇ ಕೆಲಸ. ನಿಮಗೆ ಇಷ್ಟ ಅಂತ ಲೆಗ್ ಸ್ಪಿನ್ ಕಲಿಯುವ ಮೊದಲು ಟೀಮಿನಲ್ಲಿ ಆಗಲೇ ಮೂವರು ಸ್ಪಿನ್ನರ್ ಇದ್ದಾರಾ ನೋಡಿ.

ಯಾವ ಬಾಲು, ಯಾವ ನಿಯಮ

ಕರಾವಳಿಯಲ್ಲಿ ಕ್ರಿಕೆಟ್ ಅಂದರೆ ಒಂದೇ ಆಟ ಅಲ್ಲ. ಲೆದರ್ ಬಾಲ್ ಉಂಟು, ಓವರ್ ಆರ್ಮ್ ಟೆನಿಸ್ ಬಾಲ್ ಉಂಟು, ಕೈಯನ್ನು ಕೆಳಗಿನಿಂದ ಬೀಸಿ ಹಾಕುವ ಅಂಡರ್ ಆರ್ಮ್ ಉಂಟು. ಲೆದರ್ ಬಾಲಿನ ತೂಕ 155.9ರಿಂದ 163 ಗ್ರಾಂ. ಟೆನಿಸ್ ಕೋರ್ಟಿನಲ್ಲಿ ಬಳಸುವ ಬಾಲು 56ರಿಂದ 59.4 ಗ್ರಾಂ. ನಮ್ಮ ಟೂರ್ನಮೆಂಟಿನ ಹೆವಿ ಟೆನಿಸ್ ಬಾಲು ಈ ಎರಡರ ನಡುವೆ ಬರುತ್ತದೆ. ತೂಕ ಬದಲಾದರೆ ಬೌನ್ಸ್, ಕ್ಯಾಚ್, ಥ್ರೋ ಎಲ್ಲ ಬದಲಾಗುತ್ತದೆ. ಮೂರೂ ಆಡಿ, ತೊಂದರೆ ಇಲ್ಲ. ಆದರೆ ಭಾನುವಾರ ಲೆದರ್ ಮ್ಯಾಚ್ ಇದ್ದರೆ ಶುಕ್ರವಾರ ಟೆನಿಸ್ ಬಾಲಿನಲ್ಲಿ ಪ್ರಾಕ್ಟೀಸ್ ಮಾಡಬೇಡಿ, ಕೈಗೆ ಅಳತೆ ತಪ್ಪುತ್ತದೆ.

ಅಂಡರ್ ಆರ್ಮ್ ಬಗ್ಗೆ ಸುಮ್ನೆ ಒಂದು ಮಾತು. 1981ರ ಫೆಬ್ರವರಿ 1ರಂದು ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯಾದ ಟ್ರೆವರ್ ಚಾಪೆಲ್ ಕೊನೆಯ ಬಾಲನ್ನು ನೆಲದಲ್ಲಿ ಉರುಳಿಸಿ ಬಿಟ್ಟ ಮೇಲೆ ಜಗತ್ತೆಲ್ಲ ಅದನ್ನು ಬೈಯಿತು. ಈಗಿನ ಕ್ರಿಕೆಟ್ ನಿಯಮದಲ್ಲಿ ಆಟಕ್ಕೆ ಮೊದಲೇ ಎರಡೂ ಕಡೆಯವರು ಒಪ್ಪಿಕೊಂಡಿದ್ದರೆ ಮಾತ್ರ ಅಂಡರ್ ಆರ್ಮ್ ನಡೆಯುತ್ತದೆ. ನಮ್ಮಲ್ಲಿ ಮಾತ್ರ ಅದಕ್ಕೆ ಫ್ಲಡ್‌ಲೈಟ್, ಟ್ರೋಫಿ, ತುಳು ಕಾಮೆಂಟರಿ ಎಲ್ಲ ಉಂಟು.

ನಿಯಮ ಪ್ರತಿ ಟೂರ್ನಮೆಂಟಿಗೂ ಬೇರೆ. ಒಬ್ಬನಿಗೆ ಎಷ್ಟು ಓವರ್, ವೈಡ್ ಗೆರೆ ಎಲ್ಲಿ, ಸೊಂಟದ ಮೇಲಿನ ಫುಲ್ ಟಾಸಿಗೆ ಏನು, ಫ್ರೀ ಹಿಟ್ ಇದೆಯಾ ಅಂತ ಮ್ಯಾಚಿಗೆ ಮೊದಲೇ ಕೇಳಿ. ಇನ್ನೊಂದು ವಿಷಯ ಖಂಡಿತ ಕೇಳಬೇಕು. 2022ರ ಅಕ್ಟೋಬರ್ 1ರಿಂದ ಬಂದ ನಿಯಮದ ಪ್ರಕಾರ ಕ್ಯಾಚ್ ಔಟ್ ಆದರೆ, ಓವರ್ ಮುಗಿದಿಲ್ಲದಿದ್ದರೆ, ಹೊಸ ಬ್ಯಾಟ್ಸ್‌ಮನ್ನೇ ಸ್ಟ್ರೈಕಿಗೆ ಬರಬೇಕು. ಇಬ್ಬರೂ ಕ್ರಾಸ್ ಆಗಿದ್ದರೂ ಅಷ್ಟೇ. ಊರಿನ ಕೆಲವು ಅಂಪೈರ್‌ಗಳು ಇನ್ನೂ ಹಳೆಯದನ್ನೇ ಹಿಡಿದುಕೊಂಡಿದ್ದಾರೆ. 6ನೇ ನಂಬರಿಗೆ ಹೋಗುವವರಿಗೆ ಇದು ದೊಡ್ಡ ವಿಷಯ, ಯಾಕೆಂದರೆ ಹೋದ ಕೂಡಲೇ ಬಾಲ್ ಎದುರಿಸುವವರು ನೀವೇ.

ಒಂದು ಕೆಲಸ ಗಟ್ಟಿ ಇರಲಿ

ಜಾಸ್ತಿ ಜನ ಎಡವುವುದು ಇಲ್ಲೇ. ಎರಡನ್ನೂ ಸಮ ಸಮ ಮಾಡಲು ಹೋಗಿ ಎರಡರಲ್ಲೂ ಅರ್ಧಂಬರ್ಧ. ಬ್ಯಾಟಿಂಗ್ ಒಂದರಿಂದಲೇ ಅಥವಾ ಬೌಲಿಂಗ್ ಒಂದರಿಂದಲೇ ಟೀಮಿನಲ್ಲಿ ಜಾಗ ಸಿಗುವ ಹಾಗೆ ಒಂದನ್ನು ಮೊದಲು ಬೆಳೆಸಿ. ಎರಡನೆಯದು ಅಷ್ಟು ಒಳ್ಳೆಯದಾಗಬೇಕಿಲ್ಲ. ನಂಬುವ ಹಾಗೆ ಇದ್ದರೆ ಸಾಕು.

ರವಿ ಶಾಸ್ತ್ರಿಯನ್ನೇ ನೋಡಿ. ಹುಟ್ಟಿದ್ದು ಮುಂಬೈ, ಮನೆತನದ ಬೇರು ಮಂಗಳೂರಿನದ್ದು. 1981ರಲ್ಲಿ ವೆಲ್ಲಿಂಗ್ಟನ್‌ನಲ್ಲಿ ಮೊದಲ ಟೆಸ್ಟ್ ಆಡುವಾಗ ಅವರು ಎಡಗೈ ಸ್ಪಿನ್ನರ್, ಬ್ಯಾಟಿಂಗಿಗೆ 10ನೇ ನಂಬರ್. ಆಮೇಲೆ ಮೇಲೆ ಮೇಲೆ ಬಂದು ಓಪನರ್ ಆದರು, 1992ರಲ್ಲಿ ಸಿಡ್ನಿಯಲ್ಲಿ 206 ಹೊಡೆದರು. ಮೊದಲು ಬೌಲರ್ ಆಗಿ ಒಳಗೆ ಬಂದು, ಒಳಗೆ ಕೂತ ಮೇಲೆ ಬ್ಯಾಟಿಂಗ್ ಬೆಳೆಸಿದವರು. ಊರಿನ ಟೀಮಿನಲ್ಲೂ ಇದೇ ದಾರಿ ನಡೆಯುತ್ತದೆ. ಬೌಲರ್ ಆಗಿ ಬಂದರೆ ಬಾಗಿಲು ಬೇಗ ತೆರೆಯುತ್ತದೆ ಅನ್ನುವುದು ನನ್ನ ಅಭಿಪ್ರಾಯ, ಯಾಕೆಂದರೆ ಬ್ಯಾಟ್ ಬೀಸುವವರಿಗೆ ಯಾವ ಊರಿನಲ್ಲೂ ಬರ ಇಲ್ಲ.

ಎರಡನೇ ಕೆಲಸ ಬೌಲಿಂಗೇ ಆಗಬೇಕು ಅಂತಲೂ ಇಲ್ಲ. ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್ 2020ರ ಜನವರಿಯಲ್ಲಿ ಮುಂಬೈಯಲ್ಲಿ ಕೀಪರ್ ರಿಷಭ್ ಪಂತ್ ತಲೆಗೆ ಬಾಲ್ ಬಡಿದ ದಿನ ಗ್ಲೌಸ್ ಹಾಕಿಕೊಂಡರು. 2023ರ ವಿಶ್ವಕಪ್ಪಿಗೆ ಭಾರತದ ಕೀಪರ್ ಅವರೇ. ಮುಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದರನ್ ಕಥೆ ಇನ್ನೂ ಮಜಾ. ಅವರು ಕೀಪರ್, 1964ರಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ಎದುರು 192 ಹೊಡೆದವರು. 1967ರಲ್ಲಿ ಎಜ್‌ಬಾಸ್ಟನ್‌ನಲ್ಲಿ ನಾಲ್ವರು ಸ್ಪಿನ್ನರ್‌ಗಳನ್ನು ಹಾಕಿ ಆಡಿದ ಟೀಮಿಗೆ ಹೊಸ ಬಾಲ್ ಹಿಡಿಯಲು ಜನ ಇರಲಿಲ್ಲ. ಕುಂದರನ್ ಬ್ಯಾಟಿಂಗೂ ಓಪನ್ ಮಾಡಿದರು, ಬೌಲಿಂಗೂ ಓಪನ್ ಮಾಡಿದರು. ಕ್ಯಾಪ್ಟನ್ ಕೇಳಿದಾಗ ಬಾಲ್ ಹಿಡಿದರು, ಅಷ್ಟೇ.

ಬೌಲಿಂಗ್: ಯಾರಿಗೂ ಬೇಡದ ಓವರ್ ನಿಮ್ಮದಾಗಲಿ

ಹೆಚ್ಚು ಸಮಯ ಇಲ್ಲಿ ಹಾಕಿ. ನಮ್ಮ ಆಟದಲ್ಲಿ ಮ್ಯಾಚ್ ಸೋಲುವುದು ಹೆಚ್ಚಾಗಿ ಎಕ್ಸ್‌ಟ್ರಾಗಳಿಂದ. ಒಂದು ವೈಡ್ ಅಂದರೆ ಒಂದು ರನ್ನಿನ ಜೊತೆ ಇನ್ನೊಂದು ಬಾಲ್, ಆ ಇನ್ನೊಂದು ಬಾಲು ಸಿಕ್ಸ್ ಹೋಗಬಹುದು. ಹಾಗಾಗಿ ಸ್ಪೀಡ್ ಬಿಡಿ, ಮೊದಲು ಆರು ಬಾಲಿನಲ್ಲಿ ಓವರ್ ಮುಗಿಸಲು ಕಲಿಯಿರಿ. ರನ್ ಅಪ್ ಅಳೆದು ಇಟ್ಟುಕೊಳ್ಳಿ. ಪಾದದಿಂದ ಅಳೆಯಿರಿ, ಅಂದಾಜಿನಲ್ಲಿ ಅಲ್ಲ. ಗದ್ದೆಯ ಗ್ರೌಂಡಿನಲ್ಲಿ ಕೊನೆಯ ಎರಡು ಹೆಜ್ಜೆ ಇಡುವ ಜಾಗವನ್ನು ಕಾಲಿನಿಂದ ತಟ್ಟಿ ನೋಡಿ, ಮಣ್ಣು ಸಡಿಲ ಇದ್ದರೆ ಕ್ರೀಸಿನ ಇನ್ನೊಂದು ಬದಿಗೆ ಸರಿಯಿರಿ.

ಆಮೇಲೆ ಯಾರ್ಕರ್, ಅಂದರೆ ಬ್ಯಾಟ್ಸ್‌ಮನ್ ಕಾಲಿನ ಬುಡಕ್ಕೇ ಬೀಳುವ ಬಾಲು. ಟೆನಿಸ್ ಬಾಲು ಜಾಸ್ತಿ ಪುಟಿಯುತ್ತದೆ, ಹಾಗಾಗಿ ಲೆದರಿನಲ್ಲಿ ಗುಡ್ ಲೆಂತ್ ಅನ್ನುವ ಜಾಗದಲ್ಲಿ ಹಾಕಿದರೆ ಅದು ಬ್ಯಾಟ್ಸ್‌ಮನ್‌ಗೆ ಹೊಡೆಯಲು ಸರಿಯಾದ ಎತ್ತರಕ್ಕೆ ಬಂದು ನಿಲ್ಲುತ್ತದೆ. ಬಾಲು ಕಾಲಿನ ಹತ್ತಿರ ಬೀಳಬೇಕು. ಒಂದು ಜೊತೆ ಹಳೆಯ ಶೂ ತೆಗೆದುಕೊಂಡು ಒಂದನ್ನು ಬ್ಯಾಟ್ಸ್‌ಮನ್ ನಿಲ್ಲುವಲ್ಲಿ ಇಡಿ, ಇನ್ನೊಂದನ್ನು ಆಫ್ ಸ್ಟಂಪಿನಿಂದ ಒಂದು ಅಡಿ ಹೊರಗೆ. 12 ಬಾಲ್ ಹಾಕಿ, ಆರು ಇದಕ್ಕೆ, ಆರು ಅದಕ್ಕೆ. ಸುಸ್ತಿಲ್ಲದಾಗ ಇದು ಎಲ್ಲರಿಗೂ ಬರುತ್ತದೆ. ಹಾಗಾಗಿ ಗ್ರೌಂಡಿಗೆ ಎರಡು ಸುತ್ತು ಜೋರಾಗಿ ಓಡಿ ಬಂದು ಏದುಸಿರಿನಲ್ಲೇ ಹಾಕಿ. 12ರಲ್ಲಿ 5 ಸರಿಯಾಗಿ ಬಿದ್ದರೂ ಊರಿನ ಮಟ್ಟಕ್ಕೆ ನೀವು ಒಳ್ಳೆಯ ಬೌಲರ್.

ಮೂರನೆಯದು ನಿಧಾನದ ಬಾಲ್. ನಾನು ಶಿಫಾರಸು ಮಾಡುವುದು ಆಫ್ ಕಟರ್ (ಬೆರಳಿನಿಂದ ತಿರುಗಿಸಿ ಬಿಡುವ ಬಾಲು), ಯಾಕೆಂದರೆ ಬೇಗ ಕಲಿಯಬಹುದು ಮತ್ತು ತಪ್ಪಿದರೂ ಭಾರೀ ತಪ್ಪುವುದಿಲ್ಲ. ಬಲಗೈಯವರಾದರೆ ತೋರುಬೆರಳು, ನಡುಬೆರಳು ಎರಡನ್ನೂ ಬಾಲಿನ ಮೇಲೆ ಸ್ವಲ್ಪ ಬಲಕ್ಕೆ ಇಡಿ, ಹೆಬ್ಬೆರಳು ಕೆಳಗೆ. ಬಾಲು ಅಂಗೈಗೆ ತಾಗಬಾರದು, ಒಂದು ಬೆರಳು ತೂರುವಷ್ಟು ಜಾಗ ಇರಲಿ. ಬಿಡುವ ಹೊತ್ತಿಗೆ ಬಾಗಿಲಿನ ಗುಂಡು ಹಿಡಿಕೆಯನ್ನು ಬಲಕ್ಕೆ ತಿರುಗಿಸಿದ ಹಾಗೆ ಬೆರಳುಗಳನ್ನು ಬಾಲಿನ ಬಲಬದಿಯಿಂದ ಕೆಳಗೆ ಎಳೆಯಿರಿ. ಕೈ ಬೀಸುವ ವೇಗ ಮಾತ್ರ ಯಾವಾಗಿನಷ್ಟೇ ಇರಬೇಕು. ಅಲ್ಲಿ ಕಡಿಮೆ ಮಾಡಿದರೆ ಬ್ಯಾಟ್ಸ್‌ಮನ್‌ಗೆ ತಕ್ಷಣ ಗೊತ್ತಾಗುತ್ತದೆ. ಹಗುರದ ಬಾಲು ಗಾಳಿಯಲ್ಲಿ ತಾನಾಗಿಯೇ ವೇಗ ಕಳೆದುಕೊಳ್ಳುವುದರಿಂದ ಟೆನಿಸ್ ಬಾಲಿನಲ್ಲಿ ಇದು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಬೀಸಿದ ಬ್ಯಾಟಿಗೆ ಬೇಗ ಆಯಿತು, ಬಾಲು ಮೇಲಕ್ಕೆ, ಕ್ಯಾಚ್ ಲಾಂಗ್ ಆನ್‌ಗೆ.

ಇನ್ನು ಗಾಳಿ. ನಮಗೆ ಇದು ಮುಖ್ಯ, ಬೆಂಗಳೂರಿನವರಿಗೆ ಹೇಳಿದರೆ ಅರ್ಥ ಆಗಲಿಕ್ಕಿಲ್ಲ. ಬಿಸಿಲು ಏರಿದ ಮೇಲೆ ನೆಲ ಕಾದು, ಮಧ್ಯಾಹ್ನದಿಂದ ಸಮುದ್ರದ ಗಾಳಿ ಪಶ್ಚಿಮದಿಂದ ಒಳಗೆ ಬೀಸುತ್ತದೆ. ಮಂಗಳೂರಿನ ನೆಹರೂ ಮೈದಾನದಲ್ಲಾಗಲಿ, ಪಣಂಬೂರು, ಮಲ್ಪೆ ಕಡೆಯ ಗ್ರೌಂಡುಗಳಲ್ಲಾಗಲಿ ನಾಲ್ಕು ಗಂಟೆಯ ಮ್ಯಾಚಿನಲ್ಲಿ ಪೂರ್ವದ ಕಡೆಗೆ ಎತ್ತಿದ ಬಾಲು ಹತ್ತು ಹೆಜ್ಜೆ ಜಾಸ್ತಿ ಹೋಗುತ್ತದೆ, ಪಶ್ಚಿಮಕ್ಕೆ ಎತ್ತಿದ್ದು ಬೌಂಡರಿಯ ಒಳಗೇ ಬೀಳುತ್ತದೆ. ಗ್ರೌಂಡಿಗೆ ಹೋದ ಕೂಡಲೇ ಒಂದು ಚಿಟಿಕೆ ಒಣ ಮಣ್ಣು ಬಿಟ್ಟು ನೋಡಿ. ಬ್ಯಾಟ್ಸ್‌ಮನ್ ಗಾಳಿಗೆ ಎದುರಾಗಿ ಹೊಡೆಯಬೇಕಾದ ಹಾಗೆ ಲೈನ್ ಹಾಕಿ. ಗಾಳಿಗೆ ಎದುರಾಗಿ ಬೌಲಿಂಗ್ ಮಾಡುವ ಎಂಡ್ ವೇಗದ ಬೌಲರ್‌ಗಳಿಗೆ ಬೇಡ, ಎಲ್ಲರೂ ಇನ್ನೊಂದು ಕಡೆ ಕೇಳುತ್ತಾರೆ. ನೀವು ನಿಧಾನದ ಬೌಲರ್ ಆದರೆ ಆ ಬೇಡದ ಎಂಡನ್ನು ಕೇಳಿ ತೆಗೆದುಕೊಳ್ಳಿ. ಎದುರುಗಾಳಿಯಲ್ಲಿ ಬಾಲು ನಿಂತು ಇಳಿಯುತ್ತದೆ, ನಿಮಗೆ ಲಾಭ. ಕ್ಯಾಪ್ಟನ್‌ಗೆ ತಲೆನೋವು ಕಡಿಮೆ.

ಡಿಸೆಂಬರ್, ಜನವರಿಯ ರಾತ್ರಿ ಮ್ಯಾಚುಗಳಲ್ಲಿ ಇಬ್ಬನಿ ಬೀಳುತ್ತದೆ. ನಮ್ಮ ಟೀಮಿನಲ್ಲಿ ಮೀನಿನ ಗಾಡಿ ಓಡಿಸುವ ಒಬ್ಬ ಇದ್ದ. ದೊಡ್ಡ ಸ್ಕೋರ್ ಯಾವತ್ತೂ ಹೊಡೆದವನಲ್ಲ. ಆದರೆ ರಾತ್ರಿ ಹನ್ನೆರಡರ ಮೇಲಿನ ಓವರ್ ಅಂದರೆ ಅವನದೇ. ಹಳೆಯ ಬೈರಾಸಿನ (ಟವೆಲಿನ) ಅಂಗೈಯಗಲದ ತುಂಡು ಪ್ಯಾಂಟಿನ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದ. ಮೊದಲು ಬೆರಳು ಒರೆಸುವುದು, ಆಮೇಲೆ ಬಾಲು, ಮತ್ತೆ ಇನ್ನೊಮ್ಮೆ ಬೆರಳು. ಅಂಪೈರ್ ಗಡಿಬಿಡಿ ಮಾಡಿದರೂ ಅವನು ಮಾಡುತ್ತಿರಲಿಲ್ಲ. ಒಂದು ಸಲ 9 ರನ್ ಕಾಯಬೇಕಾದ ಕೊನೆಯ ಓವರ್. ಓಡಲು ತಿರುಗಿದವನು ನಿಂತು, ಬಾಯಿ ಬಿಡದೆ, ಡೀಪ್ ಮಿಡ್ ವಿಕೆಟಿನವನನ್ನು ಕೈ ಸನ್ನೆಯಲ್ಲಿ ಆರು ಹೆಜ್ಜೆ ನೇರಕ್ಕೆ ಕರೆದ. ಎರಡನೇ ಬಾಲು ಫುಲ್, ಸ್ಟಂಪಿನ ಮೇಲೆ. ಬ್ಯಾಟ್ಸ್‌ಮನ್ ಎತ್ತಿದ್ದು ಸೀದಾ ಆ ಆರು ಹೆಜ್ಜೆಯ ಮೇಲೆ ಹೋಯಿತು. ಇಬ್ಬನಿಯಲ್ಲಿ ಕಟರ್ ಜಾರುತ್ತದೆ ಅಂತ ಗೊತ್ತಿದ್ದು ಆವತ್ತು ಒಂದೂ ಕಟರ್ ಹಾಕಲಿಲ್ಲ. ನೀವು ಕೂಡ ಒಂದು ಬಕೆಟ್ ನೀರಿನಲ್ಲಿ ಬಾಲು ಅದ್ದಿ ತೆಗೆದು ಪ್ರಾಕ್ಟೀಸ್ ಮಾಡಿ ನೋಡಿ, ಯಾವ ಬಾಲು ಕೈಯಲ್ಲಿ ನಿಲ್ಲುತ್ತದೆ, ಯಾವುದು ಜಾರುತ್ತದೆ ಅಂತ ಮೊದಲೇ ಗೊತ್ತಿರಲಿ.

ಅಂಡರ್ ಆರ್ಮ್ ಹಾಕುವವರಿಗೆ ಒಂದೇ ಮಾತು: ಬಿಡುವ ಜಾಗ ಬದಲಿಸಿ. ಕ್ರೀಸಿನ ಅಂಚಿನಿಂದ ಒಂದು, ಸ್ಟಂಪಿನ ಹತ್ತಿರದಿಂದ ಒಂದು. ವೇಗದಲ್ಲೇ ಎಲ್ಲವನ್ನೂ ಮಾಡಲು ಹೋದರೆ ಭುಜ ಉಳಿಯುವುದಿಲ್ಲ.

ಬ್ಯಾಟಿಂಗ್: ನಿಮಗೆ ಸಿಗುವುದು ಹತ್ತು ಬಾಲು

ಆಲ್‌ರೌಂಡರ್ ಹೋಗುವುದು 5, 6, 7ಕ್ಕೆ. ಸೆಟ್ ಆಗಲು ಸಮಯ ಇಲ್ಲ. ನೆಟ್ಸಿನಲ್ಲಿ ಅರ್ಧ ಗಂಟೆ ಕವರ್ ಡ್ರೈವ್ ಹೊಡೆದು ಖುಷಿಪಡುವುದರಿಂದ ಏನೂ ಪ್ರಯೋಜನ ಇಲ್ಲ. ಬದಲಿಗೆ ಇಬ್ಬರನ್ನು ಸೇರಿಸಿಕೊಂಡು ಆಟದ ಸಂದರ್ಭ ಕಟ್ಟಿ ಆಡಿ. 12 ಬಾಲಿಗೆ 20 ಬೇಕು, ಫೀಲ್ಡ್ ಹೀಗೆ ಉಂಟು, ಶುರು. ಔಟ್ ಆದರೆ ಪ್ಯಾಡ್ ಬಿಚ್ಚಿ ಹೊರಗೆ. ಹೀಗೆ ಮಾಡಿದರೆ ಮೊದಲ ಬಾಲಿನ ಹೆದರಿಕೆ ಹೋಗುತ್ತದೆ.

ಹೊಡೆತ ಮೂರು ಸಾಕು. ಒಂದು ನೇರಕ್ಕೆ, ಒಂದು ಲೆಗ್ ಸೈಡಿಗೆ, ಮತ್ತೆ ಯಾರ್ಕರ್ ಬಂದಾಗ ಬ್ಯಾಟಿನ ಮುಖ ತೆರೆದು ಥರ್ಡ್ ಮ್ಯಾನ್ ಕಡೆ ತಳ್ಳಿ ಒಂದು ರನ್ ತೆಗೆಯುವುದು. ಈ ಮೂರನೆಯದನ್ನು ಯಾರೂ ಕಲಿಯುವುದಿಲ್ಲ, ಯಾಕೆಂದರೆ ಅದಕ್ಕೆ ಚಪ್ಪಾಳೆ ಇಲ್ಲ. ಆದರೆ ಆಚೆ ಬದಿಯಲ್ಲಿ ಸೆಟ್ ಆದ ಬ್ಯಾಟ್ಸ್‌ಮನ್ ಇದ್ದಾಗ ನಿಮ್ಮ ಕೆಲಸ ಅದೇ. ನೀವು ರನ್ ತೆಗೆಯದೆ ಡಾಟ್ ಮಾಡಿದ ಒಂದೊಂದು ಬಾಲು ಅವನಿಂದ ಕಿತ್ತುಕೊಂಡ ಬಾಲು.

ನಿಮಗೆ ಇನ್ನೊಂದು ಅನುಕೂಲ ಉಂಟು. ನೀವು ಬೌಲರ್ ಕೂಡ. ಮೊದಲು ಬೌಲಿಂಗ್ ಮಾಡಿ ಆಮೇಲೆ ಬ್ಯಾಟಿಂಗಿಗೆ ಹೋದರೆ ಪಿಚ್ ಏನು ಮಾಡುತ್ತಿದೆ ಅಂತ ಟೀಮಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ನಿಮಗೆ ಗೊತ್ತು. ಅದನ್ನು ಓಪನರ್‌ಗಳಿಗೆ ಹೇಳಿ. ಮ್ಯಾಟಿನ ಮೇಲೆ ಲೆದರ್ ಬಾಲು ಜಾಸ್ತಿ ಎಗರುತ್ತದೆ, ಬ್ಯಾಕ್ ಫುಟ್ ಆಟ ಬೇಕು. ಮ್ಯಾಟಿನ ಕೆಳಗೆ ಮಣ್ಣು ಎದ್ದಿದ್ದರೆ ಒಂದು ಜಾಗದಿಂದ ಮಾತ್ರ ಬಾಲು ತಗ್ಗುತ್ತದೆ. ಇಂಥ ಒಂದು ಮಾಹಿತಿ ಹತ್ತು ರನ್ನಿಗೆ ಸಮ.

ರನ್ ಓಡುವಾಗ ಕೂಗಿ. ಕರಾವಳಿಯ ಟೂರ್ನಮೆಂಟಿನಲ್ಲಿ ಕಾಮೆಂಟರಿ, ಡಿಜೆ, ಪಟಾಕಿ ಎಲ್ಲ ಒಟ್ಟಿಗೆ ನಡೆಯುತ್ತದೆ, ಮೆತ್ತಗೆ "ಯೆಸ್" ಅಂದರೆ ಯಾರಿಗೂ ಕೇಳುವುದಿಲ್ಲ. ಕೈಯನ್ನೂ ತೋರಿಸಿ. ನಾನ್ ಸ್ಟ್ರೈಕರ್ ಆಗಿ ಬೇಗ ಹೊರಡುವ ಅಭ್ಯಾಸ ಇದ್ದರೆ ಬಿಡಿ. 2022ರ ನಿಯಮದಲ್ಲಿ ಅದನ್ನು ಅನ್ಯಾಯದ ಆಟದ ಪಟ್ಟಿಯಿಂದ ತೆಗೆದು ಮಾಮೂಲು ರನೌಟಿಗೆ ಸೇರಿಸಿದ್ದಾರೆ. ಬೌಲರ್ ಬೇಲ್ಸ್ ತೆಗೆದರೆ ಜಗಳಕ್ಕೆ ಹೋಗಲು ನಿಮಗೆ ಕಾರಣ ಇಲ್ಲ.

ಫೀಲ್ಡಿಂಗ್

ಫಾರ್ಮ್ ಹೋದರೂ ಟೀಮಿನಲ್ಲಿ ಉಳಿಸುವುದು ಇದು. ಹೆಚ್ಚಿನ ಗ್ರೌಂಡುಗಳು ಕೆಂಪು ಮಣ್ಣಿನವು, ನಡುವೆ ಮುರಕಲ್ಲಿನ ಚೂರುಗಳು. ಬಾಲು ಕೊನೆಯ ಕ್ಷಣದಲ್ಲಿ ಎತ್ತ ಹಾರುತ್ತದೆ ಅಂತ ಹೇಳಲು ಆಗದು. ಹಾಗಾಗಿ ಟಿವಿಯಲ್ಲಿ ನೋಡಿದ ಹಾಗೆ ಒಂದೇ ಕೈಯಲ್ಲಿ ಎತ್ತುವುದು ಬೇಡ. ಒಂದು ಮಂಡಿ ನೆಲಕ್ಕೆ ಊರಿ, ಮೈ ಬಾಲಿನ ಹಿಂದೆ ಇರಲಿ. ಎದೆಗೆ ಬಡಿದು ಮುಂದೆ ಬಿದ್ದರೂ ಒಂದೇ ರನ್, ಹಿಂದೆ ಹೋದರೆ ನಾಲ್ಕು.

ಕ್ಯಾಚ್ ಹಿಡಿಯುವ ರೀತಿ ಬಾಲಿಗೆ ತಕ್ಕ ಹಾಗೆ ಬೇರೆ. ಲೆದರ್ ಬಾಲಿಗೆ ಕೈ ಹಿಂದೆ ತರಬೇಕು, ಇಲ್ಲದಿದ್ದರೆ ಬೆರಳು ಹೋಗುತ್ತದೆ. ಟೆನಿಸ್ ಬಾಲು ಅಂಗೈಯಿಂದ ಪುಟಿದು ಹೊರಗೆ ಬರುತ್ತದೆ, ಅಲ್ಲಿ ಬೆರಳು ಬೇಗ ಮುಚ್ಚಬೇಕು, ಕೂಡಲೇ ಎದೆಗೆ ಒತ್ತಿಕೊಳ್ಳಬೇಕು. ರಾತ್ರಿ ಮ್ಯಾಚಿನಲ್ಲಿ ನಿಂತ ಜಾಗದಿಂದ ಯಾವ ಲೈಟು ಕಣ್ಣಿಗೆ ಹೊಡೆಯುತ್ತದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಬಾಲು ಆ ಬೆಳಕಿನೊಳಗೆ ಹೋಯಿತೆಂದರೆ ತಲೆ ಎತ್ತಿ ಅಲ್ಲೇ ನಿಲ್ಲಬೇಡಿ. ಒಂದೆರಡು ಹೆಜ್ಜೆ ಬದಿಗೆ ಸರಿದರೆ ಬಾಲು ಕತ್ತಲಿನ ಹಿನ್ನೆಲೆಗೆ ಬಂದು ಮತ್ತೆ ಕಾಣಿಸುತ್ತದೆ.

ಟೀಮಿನಲ್ಲಿ ಕೀಪರ್ ಒಬ್ಬನೇ ಇದ್ದರೆ ವಾರಕ್ಕೆ ಹದಿನೈದು ನಿಮಿಷ ಗ್ಲೌಸ್ ಹಾಕಿ ನಿಲ್ಲಿ. ಬಾಲು ಪಿಚ್ ಆಗುವವರೆಗೆ ಏಳಬೇಡಿ, ಉಳಿದದ್ದು ತಾನಾಗಿ ಬರುತ್ತದೆ.

ದೇಹ, ಸೆಕೆ, ಊಟ

ಏಪ್ರಿಲಿನ ಮಂಗಳೂರಿನಲ್ಲಿ ಥರ್ಮಾಮೀಟರ್ 33, 34 ಡಿಗ್ರಿ ತೋರಿಸಬಹುದು. ರಾಯಚೂರಿನವರು ಕೇಳಿದರೆ ನಗುತ್ತಾರೆ. ಆದರೆ ಇಲ್ಲಿ ಗಾಳಿಯಲ್ಲಿ ನೀರಿನ ಅಂಶ ಜಾಸ್ತಿ, ಬೆವರು ಆರುವುದಿಲ್ಲ, ಆರದಿದ್ದರೆ ಮೈ ತಂಪಾಗುವುದಿಲ್ಲ. ಬ್ಯಾಟಿಂಗ್, ಬೌಲಿಂಗ್ ಎರಡೂ ಮಾಡುವವನಿಗೆ ಸ್ನಾಯು ಹಿಡಿಯುವುದು ಮೊದಲು. ಬರೀ ನೀರು ಸಾಲದು. ಒಂದು ಲೀಟರ್ ನೀರಿಗೆ ಅರ್ಧ ಟೀ ಚಮಚ ಉಪ್ಪು, 6 ಟೀ ಚಮಚ ಸಕ್ಕರೆ ಹಾಕಿ ಬಾಟಲಿಯಲ್ಲಿ ಇಟ್ಟುಕೊಳ್ಳಿ. ಎಳನೀರು, ಪುನರ್ಪುಳಿ ಶರಬತ್ತು, ಉಪ್ಪು ಹಾಕಿದ ಗಂಜಿ ತಿಳಿ ಎಲ್ಲ ಒಳ್ಳೆಯದೇ. ಎರಡು ಮ್ಯಾಚಿನ ನಡುವೆ ಗೋಳಿಬಜೆ ಬೇಡ, ಬನ್ಸೂ ಬೇಡ. ಬಾಳೆಹಣ್ಣು ತಿನ್ನಿ. ಬಿರಿಯಾನಿ ಫೈನಲ್ ಆದ ಮೇಲೆ.

ತಲೆ ತಿರುಗುವುದು, ವಾಂತಿ ಬಂದ ಹಾಗೆ ಆಗುವುದು ಇದ್ದರೆ ನೆರಳಿಗೆ ಬಂದು ಮಲಗಿ, ಮೈಗೆ ನೀರು ಹಾಕಿ. ಮಾತು ತೊದಲಿದರೆ, ಎಲ್ಲಿದ್ದೇನೆ ಅಂತ ಗೊತ್ತಾಗದಿದ್ದರೆ ಅದು ಹೀಟ್ ಸ್ಟ್ರೋಕ್ ಇರಬಹುದು. ಮೈಗೆ ನೀರು ಹಾಕುತ್ತಲೇ ತಡ ಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಬೌಲಿಂಗ್ ಒಮ್ಮೆಲೇ ಜಾಸ್ತಿ ಮಾಡಬೇಡಿ. ನಾಲ್ಕು ತಿಂಗಳು ಸುಮ್ಮನಿದ್ದು ಒಂದೇ ದಿನ ಮೂರು ಮ್ಯಾಚಿನಲ್ಲಿ ಜೋರಾಗಿ ಹಾಕಿದರೆ ಬೆನ್ನು ಕೇಳುತ್ತದಾ? ಬೆಳೆಯುವ ಹುಡುಗರಲ್ಲಿ ವೇಗದ ಬೌಲಿಂಗ್ ಜಾಸ್ತಿಯಾಗಿ ಸೊಂಟದ ಹತ್ತಿರದ ಬೆನ್ನುಮೂಳೆಯಲ್ಲಿ ಬಿರುಕು ಬರುವುದು ಎಲ್ಲ ಕಡೆ ಕಂಡ ವಿಷಯ. ಬೆನ್ನಿನ ಒಂದೇ ಬದಿ, ಕೆಳಗೆ, ಹಿಂದೆ ಬಾಗಿದಾಗ ನೋಯುತ್ತಿದ್ದರೆ ಬಾಮ್ ತಿಕ್ಕಿಕೊಂಡು ಆಡಬೇಡಿ, ಡಾಕ್ಟರಿಗೆ ತೋರಿಸಿ. ಲೆದರ್ ಬಾಲಿಗೆ ಹೆಲ್ಮೆಟ್, ಗಾರ್ಡ್ ಇಲ್ಲದೆ ಇಳಿಯಬೇಡಿ, ಇದರಲ್ಲಿ ಚರ್ಚೆ ಇಲ್ಲ.

ಮಳೆಗಾಲ ವ್ಯರ್ಥ ಮಾಡಬೇಡಿ

ಪತ್ತನಾಜೆಗೆ, ಅಂದರೆ ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ದಿನಕ್ಕೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ನಮ್ಮ ಗ್ರೌಂಡುಗಳೂ ಖಾಲಿ. ವರ್ಷಕ್ಕೆ 3500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಜಾಗ ಇದು, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಎಲ್ಲರೂ ಬ್ಯಾಟು ಅಟ್ಟಕ್ಕೆ ಹಾಕುವಾಗ ನೀವು ಮುಂದೆ ಹೋಗಬಹುದು. ತಗಡಿನ ಮಾಡಿನ ಕೆಳಗೆ ಕಾಲುಚೀಲದಲ್ಲಿ ಬಾಲು ತೂಗು ಹಾಕಿ ನೇರ ಬ್ಯಾಟಿನಲ್ಲಿ ಹೊಡೆಯಿರಿ. ಗೋಡೆಗೆ ಬಾಲ್ ಎಸೆದು ಒಂದೇ ಕೈಯಲ್ಲಿ ಹಿಡಿಯಿರಿ, ಎಡಗೈಯಲ್ಲಿ ಜಾಸ್ತಿ. ಕಟರಿನ ಬೆರಳಿನ ಕೆಲಸ ಕುರ್ಚಿಯಲ್ಲಿ ಕೂತೂ ಮಾಡಬಹುದು. ವಾರಕ್ಕೆ ಮೂರು ದಿನ ಬಸ್ಕಿ, ಪ್ಲ್ಯಾಂಕ್, ಮೆಟ್ಟಿಲು ಹತ್ತುವುದು. ಬೌಲಿಂಗನ್ನು ಸೆಪ್ಟೆಂಬರಿನಲ್ಲಿ ದಿನಕ್ಕೆ 2 ಓವರಿನಿಂದ ಶುರು ಮಾಡಿ ನಿಧಾನಕ್ಕೆ ಏರಿಸಿದರೆ ನವೆಂಬರಿನ ಮೊದಲ ಟೂರ್ನಮೆಂಟಿಗೆ ಮೈ ತಯಾರಿರುತ್ತದೆ.

ಕ್ಯಾಪ್ಟನ್ ಜೊತೆ ಮಾತು

"ಎಲ್ಲಿ ಬೇಕಾದರೂ ಆಡುತ್ತೇನೆ" ಅಂತ ಹೇಳಬೇಡಿ. ಕೇಳಲು ಚೆಂದ, ಆದರೆ ಆಮೇಲೆ ನಿಮ್ಮನ್ನು 8ಕ್ಕೆ ಕಳಿಸಿ ಬೌಲಿಂಗೂ ಕೊಡದೆ ಬಿಡುತ್ತಾರೆ. ಬದಲಿಗೆ ಸೀಸನ್ ಶುರುವಿಗೆ ಸ್ಪಷ್ಟವಾಗಿ ಹೇಳಿ: ಗಾಳಿಗೆ ಎದುರಿನ ಎಂಡಿನಿಂದ ಎರಡನೇ ಓವರ್ ನನಗೆ ಕೊಡು, ಎಡಗೈ ಸ್ಪಿನ್ನರ್ ಬಂದರೆ ಬ್ಯಾಟಿಂಗಿಗೆ ನನ್ನನ್ನು ಮೇಲೆ ಕಳಿಸು. ಅವನಿಗೆ ನಿಮ್ಮನ್ನು ಎಲ್ಲಿ ಬಳಸಬೇಕು ಅಂತ ಗೊತ್ತಾಗುತ್ತದೆ. ಕ್ರಿಕ್‌ಹೀರೋಸ್ ಆ್ಯಪಿನಲ್ಲಿ ಸ್ಕೋರ್ ಹಾಕುವ ಟೀಮಾದರೆ ರನ್, ವಿಕೆಟ್ ಬಿಟ್ಟು ನಿಮ್ಮ ಡಾಟ್ ಬಾಲ್ ಮತ್ತು ವೈಡ್ ಎಷ್ಟು ಅಂತ ನೋಡಿ, ಅದನ್ನೇ ತೋರಿಸಿ.

ಬರಲು ಆಗದಿದ್ದರೆ ಗುರುವಾರವೇ ಹೇಳಿ. ಎಂಟ್ರಿ ಫೀಸಿನ ಪಾಲನ್ನು ಕೇಳಿಸಿಕೊಳ್ಳದೆ ಕೊಡಿ. ಔಟ್ ಆಗಿ ಬಂದ ಮೇಲೆ ಅಂಪೈರಿಂಗಿಗೆ ನಿಲ್ಲಿ. ಇವು ಆಟಕ್ಕೆ ಸಂಬಂಧ ಇಲ್ಲ ಅಂತ ಅನ್ನಿಸಬಹುದು, ಆದರೆ ಇಬ್ಬರು ಹೆಚ್ಚು ಕಡಿಮೆ ಸಮ ಇದ್ದಾಗ ಹೆಸರು ಬರೆಯುವವನ ಪೆನ್ನು ಹೋಗುವುದು ಇವನ್ನೆಲ್ಲ ಮಾಡುವವನ ಕಡೆಗೇ.

ಹರಾಜಿನ ಫಾರ್ಮ್

ಈಗ ಊರೂರಿನಲ್ಲೂ ಪ್ರೀಮಿಯರ್ ಲೀಗ್, ಪಾಯಿಂಟಿನ ಮೇಲೆ ಆಟಗಾರರ ಹರಾಜು. ಫಾರ್ಮಿನಲ್ಲಿ ಬ್ಯಾಟ್ಸ್‌ಮನ್, ಬೌಲರ್, ಆಲ್‌ರೌಂಡರ್ ಅಂತ ಮೂರು ಚೌಕ ಇರುತ್ತದೆ, ಅರ್ಧಕ್ಕರ್ಧ ಜನ ಮೂರನೆಯದಕ್ಕೇ ಟಿಕ್ ಹಾಕುತ್ತಾರೆ. ಟೀಮಿನ ಓನರ್‌ಗಳಿಗೂ ಇದು ಗೊತ್ತು, ಹಾಗಾಗಿ ಆ ಪಟ್ಟಿಯನ್ನು ಅವರು ನಂಬುವುದಿಲ್ಲ. ನೀವು ಟಿಕ್ ಹಾಕಿ, ಪಕ್ಕದಲ್ಲಿ ಒಂದು ಸಾಲು ಬರೆಯಿರಿ: ಕೊನೆಯ ಓವರ್ ಹಾಕುತ್ತೇನೆ, 6ನೇ ನಂಬರ್, ಬೇಕಾದರೆ ಕೀಪಿಂಗ್. ಬರೆಯಲು ಜಾಗ ಇಲ್ಲದಿದ್ದರೆ ಹರಾಜಿನ ಮೊದಲು ಓನರ್‌ಗಳ ಕಣ್ಣೆದುರು ಒಂದು ಮ್ಯಾಚ್ ಆಡಿ, ಅದರಲ್ಲಿ ಕೊನೆಯ ಓವರ್ ಕೇಳಿ ತೆಗೆದುಕೊಳ್ಳಿ. ಬೇಸ್ ಪಾಯಿಂಟ್ ಕಡಿಮೆ ಇಟ್ಟರೂ ಪರವಾಗಿಲ್ಲ, ಮೊದಲ ವರ್ಷ ಬೇಕಾದದ್ದು ಓವರ್‌ಗಳು.